ಹಳೇ ಕ್ವೆರಿಯನ್ನ ಮೊದಲಿಂದ ಟೈಪ್ ಮಾಡದೆ ತಿದ್ದಿ ಓಡಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ

ಕೆಲಸಕ್ಕೆ ಸೇರಿ ಎರಡು ತಿಂಗಳಾಯ್ತು. ನಮ್ಮಲ್ಲಿ ಡೇಟಾಬೇಸ್ ಮುಟ್ಟಬೇಕಂದ್ರೆ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗಿ ಎಸ್‌ಕ್ಯೂಎಲ್ ಪ್ಲಸ್‌ನಲ್ಲೇ (ಒರಾಕಲ್ ಡೇಟಾಬೇಸ್‌ಗೆ ಕಮಾಂಡ್ ಟೈಪ್ ಮಾಡೋ ಪ್ರೋಗ್ರಾಂ) ಬರೀಬೇಕು, ಬೇರೆ ಟೂಲ್ ಹಾಕ್ಕೊಳ್ಳೋಕೆ ಬಿಡಲ್ಲ. ಹದಿನೈದು ಸಾಲಿನ ಕ್ವೆರಿ (ಡೇಟಾಬೇಸ್‌ಗೆ ಕೊಡೋ ಆದೇಶ) ಬರೆದು ಒಂದು ಕಾಲಂ ಹೆಸರು ತಪ್ಪಿದ್ರೆ ಮತ್ತೆ ಹದಿನೈದೂ ಸಾಲು ಟೈಪ್ ಮಾಡ್ತಿದೀನಿ. ಮೇಲಿನ ಬಾಣದ ಕೀ ಒತ್ತಿದ್ರೆ ಹಳೇ ಸಾಲು ಬರೋ ಬದಲು ^[[ಎ ಅಂತ ಏನೇನೋ ಬೀಳುತ್ತೆ. ಮುಂದಿನ ತಿಂಗಳಿಂದ ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್ ಇರೋ ಪ್ರಾಜೆಕ್ಟು ಬೇರೆ. ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಉತ್ತರ 1

ನಿಮ್ಮ ಹದಿನೈದು ಸಾಲು ಎಲ್ಲೂ ಹೋಗಿಲ್ಲ. ಕೊನೇ ಎಸ್‌ಕ್ಯೂಎಲ್ ಹೇಳಿಕೆ ಬಫರ್‌ನಲ್ಲಿ (ಎಸ್‌ಕ್ಯೂಎಲ್ ಪ್ಲಸ್ ಅದನ್ನ ತಾತ್ಕಾಲಿಕವಾಗಿ ಇಟ್ಕೊಳ್ಳೋ ಜಾಗ) ಹಾಗೇ ಕೂತಿರುತ್ತೆ. ಎಲ್ ಅಂತ ಒತ್ತಿ ಎಂಟರ್ ಹೊಡೀರಿ, ಸಾಲು ನಂಬರ್ ಸಮೇತ ಪೂರ್ತಿ ತೋರಿಸುತ್ತೆ. (ಅಕ್ಷರಗಳನ್ನ ನಾನು ಕನ್ನಡದಲ್ಲಿ ಬರೀತಿದೀನಿ, ನೀವು ಇಂಗ್ಲಿಷಲ್ಲಿ ಹೊಡೀರಿ.)

ಕ್ವೆರಿ ತಪ್ಪಾಗಿ ಓಆರ್‌ಎ-00904 (ಅಂಥ ಹೆಸರು ಇಲ್ಲ ಅನ್ನೋ ಎರರ್) ಬಂತು, 3ನೇ ಸಾಲಲ್ಲಿ ತಪ್ಪಿದೆ ಅಂತು ಅಂದ್ಕೊಳ್ಳಿ. ತಪ್ಪು ಸಿಕ್ಕಿದ ಸಾಲನ್ನೇ ಅದು ಹಾಲಿ ಸಾಲು ಅಂತ ಹಿಡ್ಕೊಂಡಿರುತ್ತೆ, ನೀವು ಹುಡುಕಿ ಹೋಗಬೇಕಾಗಿಲ್ಲ. ನೇರವಾಗಿ ಹೀಗೆ ಕೊಡಿ:

ಸಿ/ಡಿಪ್ಟ್‌ನೋ/ಡೆಪ್ಟ್‌ನೋ

ಸಿ ಅಂದ್ರೆ ಚೇಂಜ್. ತಿದ್ದಿದ ಸಾಲನ್ನ ತಕ್ಷಣ ತೋರಿಸುತ್ತೆ:

3* ವೇರ್ ಡೆಪ್ಟ್‌ನೋ = 10

ಆ ನಕ್ಷತ್ರ ಚಿಹ್ನೆನೇ ಹಾಲಿ ಸಾಲಿನ ಗುರುತು. ಆಮೇಲೆ ಬರೀ ಒಂದು ಸ್ಲ್ಯಾಶ್ ಹೊಡೆದು ಎಂಟರ್ ಕೊಟ್ರೆ ಓಡುತ್ತೆ. ಬೇರೆ ಸಾಲು ತಿದ್ದಬೇಕಾದ್ರೆ ಮೊದಲು ಅದರ ನಂಬರ್ ಒತ್ತಿ ಎಂಟರ್. ಹಾಲಿ ಸಾಲಿನ ಕೊನೇಲಿ ಏನಾದ್ರೂ ಸೇರಿಸೋಕೆ ಎ, ನಡುವೆ ಹೊಸ ಸಾಲು ತುರುಕೋಕೆ ಐ, ಸಾಲು ತೆಗೆಯೋಕೆ ಡೆಲ್.

ಒಂದೇ ಸಾಲಲ್ಲಿ ಅದೇ ಪದ ಎರಡು ಸಲ ಇದ್ರೆ ಸಿ ಮೊದಲನೇದನ್ನ ಮಾತ್ರ ಬದಲಾಯಿಸುತ್ತೆ. ಎರಡನೇದು ಬೇಕಂದ್ರೆ ಅದರ ಪಕ್ಕದ ಪದವನ್ನೂ ಸೇರಿಸಿ ಹಿಡೀರಿ.

ಉತ್ತರ 2

ಮೇಲೆ ಹೇಳಿದ್ದೆಲ್ಲ ಸರಿ. ಆದ್ರೆ ಆ ಸ್ಲ್ಯಾಶ್ ನನ್ನ ಕೈಯಲ್ಲಿ ಏನು ಮಾಡ್ತು ಕೇಳಿ.

ತಾತ್ಕಾಲಿಕ ಟೇಬಲ್ಲಿಂದ ಮುಖ್ಯ ಟೇಬಲ್ಲಿಗೆ ಸುಮಾರು ನಾಲ್ಕು ಸಾವಿರ ರೋ ಇನ್ಸರ್ಟ್ ಮಾಡಿದ್ದೆ. ಆಮೇಲೆ ಕಾಲಂ ನೋಡೋಣ ಅಂತ ಡಿಸ್ಕ್ರೈಬ್ ಕೊಟ್ಟೆ. ಪಕ್ಕದವರು ಏನೋ ಕೇಳಿದ್ರು, ಮಾತಾಡಿ ತಿರುಗೋಷ್ಟರಲ್ಲಿ ಪರದೆಯಲ್ಲಿದ್ದದ್ದು ಮೇಲಕ್ಕೆ ಸರಿದುಹೋಗಿತ್ತು. ಡಿಸ್ಕ್ರೈಬ್ ಇನ್ನೊಮ್ಮೆ ನೋಡೋಣ ಅಂತ ಸ್ಲ್ಯಾಶ್ ಒತ್ತಿದೆ. ಅದು ಡಿಸ್ಕ್ರೈಬ್ ಓಡಿಸಲಿಲ್ಲ, ಇನ್ನೊಂದು ನಾಲ್ಕು ಸಾವಿರ ರೋ ಹಾಕ್ತು! ಡಿಸ್ಕ್ರೈಬ್, ಸೆಟ್ ಇವೆಲ್ಲ ಎಸ್‌ಕ್ಯೂಎಲ್ ಪ್ಲಸ್‌ನ ಸ್ವಂತ ಕಮಾಂಡುಗಳು, ಬಫರ್‌ಗೆ ಹೋಗೋದೇ ಇಲ್ಲ. ಬಫರ್‌ನಲ್ಲಿ ಇನ್ನೂ ಆ ಇನ್ಸರ್ಟೇ ಇತ್ತು. ಟೇಬಲ್ಲಿಗೆ ಪ್ರೈಮರಿ ಕೀ (ಒಂದೇ ರೋ ಎರಡು ಸಲ ಬರದಂತೆ ತಡೆಯೋದು) ಇರಲಿಲ್ಲ, ಹಾಗಾಗಿ ಯಾರೂ ತಡೆಯಲಿಲ್ಲ. ಕಮಿಟ್ (ಬದಲಾವಣೆ ಖಾಯಂ ಮಾಡೋದು) ಕೊಟ್ಟಿರಲಿಲ್ಲ ಅನ್ನೋದೊಂದೇ ಪುಣ್ಯ. ರೋಲ್‌ಬ್ಯಾಕ್ ಮಾಡಿ (ಹಾಕಿದ್ದನ್ನೆಲ್ಲ ರದ್ದು ಮಾಡಿ) ಮತ್ತೆ ಒಂದೇ ಸಲ ಹಾಕಿದೆ.

ಅವತ್ತಿಂದ ಸ್ಲ್ಯಾಶ್‌ಗೆ ಮುಂಚೆ ಎಲ್ ಒತ್ತದೆ ಇದ್ದದ್ದಿಲ್ಲ. ಆರ್ ಅಂತ ಒಂದಿದೆ, ಬಫರ್ ತೋರಿಸಿ ಓಡಿಸುತ್ತೆ ಅಂತ ಕೆಲವರು ಅದನ್ನ ಹೇಳ್ತಾರೆ. ತೋರಿಸೋದೇನೋ ನಿಜ, ಆದ್ರೆ ನೀವು ಓದೋಷ್ಟರಲ್ಲಿ ಓಡಿಸಿಯೂ ಆಗಿರುತ್ತೆ. ಪ್ರೊಡಕ್ಷನ್‌ನಲ್ಲಿ (ನಿಜವಾದ ಡೇಟಾ ಇರೋ ಸಿಸ್ಟಂನಲ್ಲಿ) ಇನ್ಸರ್ಟ್, ಅಪ್‌ಡೇಟ್ ಮುಗಿದ ಕೂಡಲೇ ಕ್ಲಿಯರ್ ಬಫರ್ ಕೊಟ್ಟುಬಿಡಿ.

ಉತ್ತರ 3

ಮೂರು ಸಾಲಿಗೆ ಸಿ ಸಾಕು. ಹದಿನೈದು ಸಾಲಿಗೆ ಎಡಿಟರ್ರೇ ಸರಿ. ಇಡಿ ಅಂತ ಕೊಟ್ರೆ ಬಫರ್ ಎಡಿಟರ್‌ನಲ್ಲಿ ತೆರೆಯುತ್ತೆ. ಯಾವ ಎಡಿಟರ್ ಅನ್ನೋದನ್ನ ಡಿಫೈನ್ _ಎಡಿಟರ್ = ವಿಮ್ ಅಂತ ಹೇಳಿಡಬಹುದು. ಒಳಗೆ ಕ್ವೆರಿ ಕೆಳಗೆ ಒಂಟಿ ಸ್ಲ್ಯಾಶ್ ಇರುತ್ತೆ, ಅದನ್ನ ಮುಟ್ಟಬೇಡಿ. ಅಭ್ಯಾಸಬಲದಿಂದ ಕ್ವೆರಿ ಕೊನೇಲಿ ಸೆಮಿಕೋಲನ್ ಹಾಕಿದ್ರೆ ಓಡಿಸುವಾಗ ಎರರ್ ಬರುತ್ತೆ. ಸೇವ್ ಮಾಡಿ ಹೊರಗೆ ಬಂದ್ರೆ ತಾನಾಗಿ ಓಡಲ್ಲ, ಸ್ಲ್ಯಾಶ್ ನೀವೇ ಒತ್ತಬೇಕು. ನನಗೆ ಇದೇ ಇಷ್ಟ, ಇನ್ನೊಮ್ಮೆ ಯೋಚಿಸೋಕೆ ಅವಕಾಶ ಸಿಗುತ್ತೆ.

ಬಾಣದ ಕೀ ಸಮಸ್ಯೆಗೆ ಆರ್‌ಎಲ್‌ರ್ಯಾಪ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಇದೆ, ಅಡ್ಮಿನ್ ಹತ್ರ ಕೇಳಿ ಹಾಕಿಸ್ಕೊಳ್ಳಿ. ಅದರ ಮೂಲಕ ಎಸ್‌ಕ್ಯೂಎಲ್ ಪ್ಲಸ್ ಶುರು ಮಾಡಿದ್ರೆ ಬಾಣ, ಹಳೇ ಸಾಲು ಹುಡುಕೋ ಕಂಟ್ರೋಲ್-ಆರ್ ಎಲ್ಲ ಕೆಲಸ ಮಾಡುತ್ತೆ. ಅದೂ ಬೇಡ ಅಂದ್ರೆ, ನಿಮ್ಮ ಎಸ್‌ಕ್ಯೂಎಲ್ ಪ್ಲಸ್ 12.2 ಅಥವಾ ಅದರ ಮೇಲಿನ ಆವೃತ್ತಿ ಆಗಿದ್ರೆ ಸೆಟ್ ಹಿಸ್ಟರಿ ಆನ್ ಕೊಡಿ. ಆಮೇಲೆ ಹಿಸ್ಟ್ ಅಂದ್ರೆ ಪಟ್ಟಿ ಬರುತ್ತೆ, ಹಿಸ್ಟ್ 3 ರನ್ ಅಂದ್ರೆ ಮೂರನೇದು ಓಡುತ್ತೆ, ಹಿಸ್ಟ್ 3 ಎಡಿಟ್ ಅಂದ್ರೆ ತಿದ್ದಬಹುದು.

ಉತ್ತರ 4

ಪೋಸ್ಟ್‌ಗ್ರೆಸ್‌ಗೆ ಹೋಗ್ತೀರಲ್ಲ, ಅದರ ಕಮಾಂಡ್ ಪ್ರೋಗ್ರಾಂ ಪಿಎಸ್‌ಕ್ಯೂಎಲ್‌ನಲ್ಲಿ ಜೀವನ ಸುಲಭ. ಬಾಣದ ಕೀ ಸಾಮಾನ್ಯವಾಗಿ ಕೆಲಸ ಮಾಡುತ್ತೆ, ಹಲವು ಸಾಲಿನ ಕ್ವೆರಿ ಒಂದೇ ತುಂಡಾಗಿ ವಾಪಸ್ ಬರುತ್ತೆ. ಬ್ಯಾಕ್‌ಸ್ಲ್ಯಾಶ್ ಪಿ ಬಫರ್ ತೋರಿಸುತ್ತೆ, ಬ್ಯಾಕ್‌ಸ್ಲ್ಯಾಶ್ ಜಿ ಕೊನೇದನ್ನ ಮತ್ತೆ ಓಡಿಸುತ್ತೆ, ಬ್ಯಾಕ್‌ಸ್ಲ್ಯಾಶ್ ಇ ಎಡಿಟರ್‌ನಲ್ಲಿ ತೆರೆಯುತ್ತೆ.

ಇಲ್ಲಿ ಎಸ್‌ಕ್ಯೂಎಲ್ ಪ್ಲಸ್ ಅಭ್ಯಾಸ ಕೈಕೊಡುತ್ತೆ. ಎಡಿಟರ್‌ನಲ್ಲಿ ಕೊನೇಲಿ ಸೆಮಿಕೋಲನ್ ಇದ್ರೆ, ಸೇವ್ ಮಾಡಿ ಹೊರಗೆ ಬಂದ ಕ್ಷಣವೇ ಓಡುತ್ತೆ, ಕೇಳೋದಿಲ್ಲ. ತಿದ್ದಿ ನೋಡಿ ಆಮೇಲೆ ಓಡಿಸೋದಾದ್ರೆ ಸೆಮಿಕೋಲನ್ ತೆಗೆದು ಬನ್ನಿ. ಇನ್ನೂ ಒಂದು: 14ಕ್ಕಿಂತ ಹಳೇ ಆವೃತ್ತಿಯಲ್ಲಿ ‘ಬೇಡಪ್ಪ’ ಅಂತ ಸೇವ್ ಮಾಡದೆ ಹೊರಬಂದ್ರೂ ಹಳೇ ಕ್ವೆರಿ ಮತ್ತೆ ಓಡ್ತಿತ್ತು. ಡಿಲೀಟ್ ಇದ್ದಾಗ ಇದು ಗೊತ್ತಿಲ್ದೆ ಇದ್ರೆ ಕಥೆ ಮುಗೀತು. 14ರಿಂದ ಸೇವ್ ಮಾಡದೆ ಬಂದ್ರೆ ಬಿಟ್ಟುಬಿಡುತ್ತೆ.

ಹಿಸ್ಟರಿ 500 ಕಮಾಂಡಿಗೆ ನಿಲ್ಲುತ್ತೆ, ಹಿಸ್ಟ್‌ಸೈಜ್ ಬದಲಾಯಿಸಿ ಹೆಚ್ಚಿಸ್ಕೊಳ್ಳಿ. ಒಂದೊಂದು ಡೇಟಾಬೇಸ್‌ಗೂ ಬೇರೆ ಹಿಸ್ಟರಿ ಫೈಲ್ ಮಾಡೋದಂತೂ ಮರೀಬೇಡಿ. ಟೆಸ್ಟ್‌ನಲ್ಲಿ ಬರೆದ ಡಿಲೀಟ್ ಪ್ರೊಡಕ್ಷನ್‌ನಲ್ಲಿ ಬಾಣದ ಕೀಗೆ ಸಿಗಬಾರದು ನೋಡಿ.

ಉತ್ತರ 5

ಮೈಎಸ್‌ಕ್ಯೂಎಲ್ ಅನ್ನೋ ಮತ್ತೊಂದು ಡೇಟಾಬೇಸ್‌ನಲ್ಲೂ ಬ್ಯಾಕ್‌ಸ್ಲ್ಯಾಶ್ ಇ ಇದೆ, ಲಿನಕ್ಸ್‌ನಲ್ಲಿ ನಡೆಯುತ್ತೆ. ನಾನು ಹೇಳೋಕೆ ಬಂದದ್ದು ಪಾಸ್‌ವರ್ಡ್ ವಿಚಾರ. ಹಿಸ್ಟರಿ ಅಂದ್ರೆ ಹೋಮ್ ಡೈರೆಕ್ಟರಿಯಲ್ಲಿರೋ ಸಾದಾ ಟೆಕ್ಸ್ಟ್ ಫೈಲ್. ಪಾಸ್‌ವರ್ಡ್, ಐಡೆಂಟಿಫೈಡ್ ಅನ್ನೋ ಪದ ಇರೋ ಹೇಳಿಕೆಗಳನ್ನ ಮೈಎಸ್‌ಕ್ಯೂಎಲ್ ತಾನೇ ಬಿಟ್ಟುಬಿಡುತ್ತೆ, ಆದ್ರೆ ಗ್ರಾಹಕರ ಫೋನ್ ನಂಬರ್ ಹಾಕಿ ಬರೆದ ಕ್ವೆರಿ ಅಲ್ಲೇ ಉಳಿಯುತ್ತೆ. ಪಿಎಸ್‌ಕ್ಯೂಎಲ್‌ನಲ್ಲಿ ಹಿಸ್ಟ್‌ಕಂಟ್ರೋಲ್‌ಗೆ ಇಗ್ನೋರ್‌ಸ್ಪೇಸ್ ಕೊಟ್ಟಿಟ್ರೆ, ಸ್ಪೇಸ್‌ನಿಂದ ಶುರುವಾಗೋ ಸಾಲು ಹಿಸ್ಟರಿಗೆ ಹೋಗಲ್ಲ. ಹಂಚಿಕೊಂಡ ಲಾಗಿನ್‌ನಲ್ಲಿ ಕೆಲಸ ಮಾಡೋರು ಇದನ್ನ ಇವತ್ತೇ ಮಾಡಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಸಿ ಚೆನ್ನಾಗಿ ನಡೀತು, ಬೆಳಿಗ್ಗೆಯಿಂದ ಒಂದು ಕ್ವೆರಿಯನ್ನೂ ಎರಡನೇ ಸಲ ಟೈಪ್ ಮಾಡಿಲ್ಲ. ಎ ಮಾತ್ರ ಕೈಕೊಡ್ತಿದೆ. ಕೊನೇ ಸಾಲು ಫ್ರಮ್ ಎಂಪ್ ಇತ್ತು, ವೇರ್ ಸೇರಿಸಿದ್ರೆ ಎಂಪ್‌ವೇರ್ ಅಂತ ಅಂಟಿಕೊಳ್ತು.

ಉತ್ತರ 1ರವರು

ಎ ಆದಮೇಲೆ ಎರಡು ಸ್ಪೇಸ್ ಕೊಡಿ. ಮೊದಲನೇದು ಕಮಾಂಡಿಗೆ ಹೋಗುತ್ತೆ, ಎರಡನೇದು ನಿಮ್ಮ ಸಾಲಿಗೆ.