73 ಎಸೆತಕ್ಕೇ ಇಳಿಸಿದ್ದು ಸರೀನಾ?

ಫ್ರೀಮಾಂಟ್ ರಾಯರು:
ನಿನ್ನೆ ನಿದ್ದೆ ಬರ್ಲಿಲ್ಲ ಅಂತ 2020ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಫೈನಲ್) ಆರನೇ ಮ್ಯಾಚ್ ಮತ್ತೆ ಹಾಕ್ಕೊಂಡು ಕೂತೆ. ಹಾಕ್ಬಾರ್ದಿತ್ತು. ನೋಡದೇ ಇರೋರಿಗೆ ಹೇಳ್ತೀನಿ. ಡಾಡ್ಜರ್ಸ್ ಎದುರು ಟ್ಯಾಂಪಾ ಬೇ ರೇಸ್ 1-0 ಮುಂದಿದೆ. ರೇಸ್‌ನ ಪಿಚರ್ (ಚೆಂಡು ಎಸೆಯೋನು) ಬ್ಲೇಕ್ ಸ್ನೆಲ್ ಬೆಂಕಿ ಉಗುಳ್ತಿದ್ದಾನೆ. ಐದು ಇನ್ನಿಂಗ್ಸ್ ಮುಗಿದು ಆರನೇದ್ರಲ್ಲಿ ಒಂದು ಔಟ್ ಆಗಿದೆ. ಒಂಬತ್ತು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), ಒಂದೂ ವಾಕ್ (ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗೋ ಬೇಸ್) ಇಲ್ಲ. ಅವನ ಮೇಲೆ ಎರಡನೇ ಹಿಟ್ ಬಿತ್ತು, ಅದೂ ಬರೀ ಸಿಂಗಲ್. ಅಷ್ಟಕ್ಕೇ ಮ್ಯಾನೇಜರ್ ಕೆವಿನ್ ಕ್ಯಾಶ್ ಡಗೌಟಿಂದ ಎದ್ದು ಬಂದ್ಬಿಟ್ಟ. ಅವನನ್ನ ನೋಡಿ ಸ್ನೆಲ್ ಬಾಯಲ್ಲಿ ಬಂದ ಮಾತು ಕ್ಯಾಮೆರಾದಲ್ಲಿ ಕಾಣತ್ತೆ, ಇಲ್ಲಿ ಬರೆಯೋ ಹಾಗಿಲ್ಲ. 73 ಎಸೆತಕ್ಕೇ ಚೆಂಡು ಇಸ್ಕೊಂಡ್ರು. ಅವನ ಬದಲು ಎಸೆಯೋಕೆ ನಿಕ್ ಆಂಡರ್ಸನ್ ಬಂದ. ಡಾಡ್ಜರ್ಸ್‌ನ ಮೂಕಿ ಬೆಟ್ಸ್ ಡಬಲ್ ಹೊಡೆದ, ವೈಲ್ಡ್ ಪಿಚ್ (ಎಲ್ಲೋ ಹೋದ ಎಸೆತ) ಆಯ್ತು, ಸ್ಕೋರ್ ಸಮ. ಆಮೇಲೊಂದು ಗ್ರೌಂಡರ್‌ಗೆ ಬೆಟ್ಸೂ ಹೋಮ್ ಸೇರ್ದ. ಕೊನೆಗೆ 3-1. ಡಾಡ್ಜರ್ಸ್‌ಗೆ 1988 ಆದ್ಮೇಲೆ ಮೊದಲ ಪಟ್ಟ.

ಈ ಆಟ ಹಾಳಾಗಿದ್ದೇ ಕಂಪ್ಯೂಟರ್ ಇಟ್ಕೊಂಡೋರಿಂದ. ಚೆನ್ನಾಗಿ ಎಸೆಯೋನನ್ನ ಇಳಿಸ್ತಾರೆ. .197 ಸರಾಸರಿಗೆ (ನೂರಕ್ಕೆ ಇಪ್ಪತ್ತು ಹಿಟ್ಟೂ ಇಲ್ಲ) ಹೊಡೆಯೋನನ್ನ ಲೈನಪ್‌ನಲ್ಲಿ ಮೊದಲು ಕಳಿಸ್ತಾರೆ. ಪಿಚರ್ ಕೈಯಿಂದ ಬ್ಯಾಟ್ ಕಿತ್ಕೊಂಡು, ನಮ್ಮ ಐಪಿಎಲ್‌ನ ಇಂಪ್ಯಾಕ್ಟ್ ಪ್ಲೇಯರ್ ಥರ, ಡಿಎಚ್ (ಡೆಸಿಗ್ನೇಟೆಡ್ ಹಿಟರ್, ಬರೀ ಬ್ಯಾಟ್ ಮಾಡೋನು) ಅಂತ ಒಬ್ಬನ್ನ ತಂದು ಕೂರಿಸ್ತಾರೆ.

ಲೆಕ್ಕದ ಮೇಷ್ಟ್ರು:
ರಾಯರೇ, ಫಲಿತಾಂಶ ಗೊತ್ತಾದ ಮೇಲೆ ಯಾರು ಬೇಕಾದರೂ ಮ್ಯಾನೇಜರ್ ಆಗಬಹುದು. ಮುಂದೆ ಬರಬೇಕಿದ್ದವರು ಬೆಟ್ಸ್, ಸೀಗರ್, ಟರ್ನರ್. ಮೂವರೂ ಸ್ನೆಲ್‌ನನ್ನು ಮೂರನೇ ಸಲ ಎದುರಿಸುವವರು. ಒಬ್ಬನೇ ಪಿಚರ್ ಮೂರನೇ ಸಲ ಎದುರಾದಾಗ ಬ್ಯಾಟರ್‌ಗಳು ಮೊದಲ ಸಲಕ್ಕಿಂತ ಚೆನ್ನಾಗಿ ಹೊಡೆಯುತ್ತಾರೆ. ಚೆಂಡು ಕೈಯಿಂದ ಹೇಗೆ ಬಿಡುತ್ತಾನೆ, ಕರ್ವ್ ಎಲ್ಲಿ ಬೀಳುತ್ತದೆ ಎಂಬುದು ಅಷ್ಟರಲ್ಲಿ ಕಣ್ಣಿಗೆ ಕೂತಿರುತ್ತದೆ. ಇದು ಎಷ್ಟೋ ಸೀಸನ್‌ಗಳ ಸರಾಸರಿ. ಜೊತೆಗೆ, 2019ರ ಜುಲೈ ನಂತರ ಸ್ನೆಲ್ ಒಂದು ಪಂದ್ಯದಲ್ಲೂ ಆರು ಇನ್ನಿಂಗ್ಸ್ ಪೂರೈಸಿರಲಿಲ್ಲ.

ಫ್ರೀಮಾಂಟ್ ರಾಯರು:
ಸರಾಸರಿ! ಅವತ್ತು ಆರ್ಲಿಂಗ್ಟನ್‌ನಲ್ಲಿ ಎಸೀತಿದ್ದಿದ್ದು ಸರಾಸರಿ ಅಲ್ಲ ಸ್ವಾಮಿ, ಸ್ನೆಲ್. ನೀವು ಹೆಸರು ಹೇಳಿದ್ರಲ್ಲ ಆ ಮೂವರು, ಅವತ್ತು ಅವನೆದುರು ಒಟ್ಟು ಆರು ಸಲ ಬಂದ್ರು, ಆರು ಸಲವೂ ಸ್ಟ್ರೈಕ್‌ಔಟ್. ಇನ್ನು ಆಂಡರ್ಸನ್? ಅದಕ್ಕೆ ಹಿಂದೆ ಸತತ ಆರು ಸಲ ಬಂದು ಆರು ಸಲವೂ ರನ್ ಕೊಟ್ಟಿದ್ದ. ಆ ಲೆಕ್ಕ ನಿಮ್ಮ ಪುಸ್ತಕದಲ್ಲಿ ಇರ್ಲಿಲ್ವಾ?

ಲೆಕ್ಕದ ಮೇಷ್ಟ್ರು:
ಆರು ಸಲ ಎನ್ನುವುದು ಒಂದು ಲೆಕ್ಕವೇ? ಅದಿರಲಿ. ಡಿಎಚ್ "ಇಂಪ್ಯಾಕ್ಟ್ ಪ್ಲೇಯರ್ ಥರ" ಅಂದಿರಲ್ಲ, ಅದು ಶುದ್ಧ ತಪ್ಪು. ಅಮೆರಿಕನ್ ಲೀಗ್‌ಗೆ (ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದು) ಡಿಎಚ್ ಬಂದದ್ದು 1973ರಲ್ಲಿ, ಐಪಿಎಲ್‌ಗೆ ಇಂಪ್ಯಾಕ್ಟ್ ಪ್ಲೇಯರ್ ಬಂದದ್ದು 2023ರಲ್ಲಿ. ಅಜ್ಜನ ಮೂಗು ಮೊಮ್ಮಗನ ಹಾಗಿದೆ ಅಂದ ಹಾಗಾಯಿತು.

ಹುಬ್ಬಳ್ಳಿ ಮಂದಿ:
ಮೇಷ್ಟ್ರ, ಮೂಗು ಒಂದ ಥರ ಐತಿ ಅಂತ ನೀವ ಒಪ್ಪಿದಂಗಾತಲ್ರಿ! ರಾಯರು ಹೇಳಿದ್ದು ಖರೇನ ಐತಿ. ಎರಡೂ ಕಡೆ ಆಗಿದ್ದು ಒಂದ: ಎರಡು ಕೆಲಸ ಬರೋ ಮನುಷ್ಯಾಗ ಒಂದ ಕೆಲಸ ಕೊಟ್ಟು ಕುಂದರಸ್ಯಾರ. ರೋಹಿತ್ ಶರ್ಮಾನೂ 2024ರಾಗ ಇದನ್ನ ಹೇಳಿದ್ನಲ್ರಿ, ಈ ರೂಲು ತನಗ ಸೇರಂಗಿಲ್ಲ, ಆಲ್‌ರೌಂಡರ್ ಬೆಳೆಯೂದಿಲ್ಲ ಅಂತ.

ಲೆಕ್ಕದ ಮೇಷ್ಟ್ರು:
ರೋಹಿತ್ ಬೇಸ್‌ಬಾಲ್ ಬಗ್ಗೆ ಮಾತಾಡಿರಲಿಲ್ಲ. ನಿಯಮ ಓದಿ. ಇಂಪ್ಯಾಕ್ಟ್ ಪ್ಲೇಯರ್ ಬಂದರೆ ಇನ್ನೊಬ್ಬ ಹೊರಗೆ ಹೋಗಬೇಕು, ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಬಂದವನು ಬ್ಯಾಟೂ ಮಾಡಬಹುದು, ನಾಲ್ಕು ಓವರೂ ಹಾಕಬಹುದು. ಡಿಎಚ್‌ನಲ್ಲಿ ಯಾರೂ ಹೊರಗೆ ಹೋಗುವುದಿಲ್ಲ. ಪಿಚರ್ ಎಸೆಯುತ್ತಲೇ ಇರುತ್ತಾನೆ, ಅವನ ಪಾಲಿನ ಬ್ಯಾಟಿಂಗ್ ಮಾತ್ರ ಮತ್ತೊಬ್ಬ ಮಾಡುತ್ತಾನೆ. ಇದರಲ್ಲಿ ಹೋಲಿಕೆ ಎಲ್ಲಿದೆ?

ಫ್ರೀಮಾಂಟ್ ರಾಯರು:
"ಬ್ಯಾಟಿಂಗ್ ಮಾತ್ರ"! ಮೇಷ್ಟ್ರೇ, 2016ರ ಮೇ ತಿಂಗಳಲ್ಲಿ ಸ್ಯಾನ್ ಡಿಯಾಗೋದಲ್ಲಿ ಬಾರ್ಟೋಲೊ ಕೊಲೋನ್ ಹೊಡೆದ ಹೋಮ್ ರನ್ ನೋಡಿದ್ದೀರಾ? 42 ವರ್ಷ, ದೊಡ್ಡ ಹೊಟ್ಟೆ, ಜೀವಮಾನದ ಒಂದೇ ಒಂದು ಹೋಮ್ ರನ್. ಬೇಸ್ ಸುತ್ತಿ ಬರೋಕೆ ಅರ್ಧ ನಿಮಿಷ ತಗೊಂಡ. ನಮ್ಮನೇಲಿ ಊಟದ ತಟ್ಟೆ ಬಿಟ್ಟು ಎದ್ದು ನಿಂತು ಚಪ್ಪಾಳೆ ಹೊಡೆದಿದ್ವಿ, ಅವನು ನಮ್ಮ ಟೀಮೂ ಅಲ್ಲ. 2014ರಲ್ಲಿ ನಮ್ಮ ಜೈಂಟ್ಸ್‌ನ ಬಮ್‌ಗಾರ್ನರ್ ಒಂದೇ ಸೀಸನ್‌ನಲ್ಲಿ ಎರಡು ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗ ಹೋಮ್ ರನ್) ಹೊಡೆದ, ಪಿಚರ್ ಆಗಿ! 2022ರಿಂದ ನ್ಯಾಷನಲ್ ಲೀಗ್‌ಗೂ ಡಿಎಚ್ ತಂದು ಇದನ್ನೆಲ್ಲ ಮುಗಿಸಿಬಿಟ್ರು.

ಲೆಕ್ಕದ ಮೇಷ್ಟ್ರು:
2021ರಲ್ಲಿ ಎಲ್ಲ ಪಿಚರ್‌ಗಳೂ ಸೇರಿ ಹೊಡೆದದ್ದು .110. ನಿಮ್ಮ ಅರ್ಧ ನಿಮಿಷದ ಚಪ್ಪಾಳೆಗಾಗಿ ಉಳಿದವರು ವರ್ಷವಿಡೀ ಆ ಸ್ಟ್ರೈಕ್‌ಔಟ್ ನೋಡಿಕೊಂಡು ಕೂರಬೇಕಿತ್ತು.

ಪುತ್ತೂರಿನವಳು:
ನಡುವಲ್ಲಿ ಬರ್ತೇನೆ, ಕ್ಷಮಿಸಿ. ಇಲ್ಲಿ ಎಲ್ಲರೂ ದೊಡ್ಡವರ ಲೆಕ್ಕ ಮಾತಾಡುವುದು. ನನ್ನ ಮಗ ಲಿಟ್ಲ್ ಲೀಗ್‌ನಲ್ಲಿ (ಮಕ್ಕಳ ಬೇಸ್‌ಬಾಲ್) ಎಸೀತಾನೆ, ಹನ್ನೊಂದು ವರ್ಷ. ಆ ಪ್ರಾಯಕ್ಕೆ ದಿನಕ್ಕೆ 85 ಎಸೆತ ಮಿತಿ. 66 ಮುಟ್ಟಿದರೆ ನಾಲ್ಕು ದಿನ ರಜೆ ಕೊಡಲೇಬೇಕು. ಎಣಿಸುವ ಕೆಲಸ ನನ್ನದು, ಬಲಗೈಯಲ್ಲಿ ಕ್ಲಿಕ್ಕರ್, ಎಡಗೈಯಲ್ಲಿ ಪುಸ್ತಕ. "73 ಎಸೆತಕ್ಕೇ" ಅಂತ ರಾಯರು ಬರ್ದದ್ದು ಓದಿ ನನಗೆ ಸ್ವಲ್ಪ ನಗು ಬಂತು. ನಮ್ಮಲ್ಲಿ 73 ಅಂದರೆ ಮೊಣಕೈಗೆ ಐಸ್ ಕಟ್ಟುವ ಹೊತ್ತು ಮಾರಾಯ್ರೆ.

ಜಯನಗರ 4ನೇ ಬ್ಲಾಕ್:
ಅಂಕಲ್‌ಗಳಾ, ಡಾಡ್ಜರ್ಸ್‌ನಲ್ಲಿ ಒಟಾನಿ ಅಂತ ಒಬ್ಬ ಇದ್ದಾನೆ, ಕೇಳಿದ್ದೀರಾ? 2025ರ ಅಕ್ಟೋಬರ್ 17, ಬ್ರೂವರ್ಸ್ ಎದುರು. ಆರು ಇನ್ನಿಂಗ್ಸ್ ಎಸೆದು ಒಂದೂ ರನ್ ಕೊಟ್ಟಿಲ್ಲ, 10 ಸ್ಟ್ರೈಕ್‌ಔಟ್. ಅದೇ ಮ್ಯಾಚಲ್ಲಿ ಮೂರು ಹೋಮ್ ರನ್. ಎರಡು ಕೆಲಸ ಬರೋನನ್ನ ಯಾರೂ ಕೂರಿಸಿಲ್ಲ ಗುರು. ಬರದೇ ಇರೋರನ್ನ ಕೂರಿಸಿದ್ದಾರೆ ಅಷ್ಟೇ.

ಹುಬ್ಬಳ್ಳಿ ಮಂದಿ:
ತಮ್ಮಾ, ಒಟಾನಿಗೆ ಅಂತನ 2022ರಾಗ ರೂಲ್ ತಿದ್ದ್ಯಾರ, ಅದನ್ನ ಯಾಕ ಹೇಳವಲ್ಲಿ? ಎಸೆಯೂದು ಮುಗಿಸಿ ಮೌಂಡಿಂದ ಇಳಿದ್ರೂ ಡಿಎಚ್ ಆಗಿ ಬ್ಯಾಟ್ ಮಾಡ್ತನ ಇರಬಹುದು. ಒಬ್ಬ ಮನುಷ್ಯಾನ್ನ ಇಬ್ಬರು ಅಂತ ಲೆಕ್ಕ ಹಿಡೀತಾರ. ನಮ್ಮ ಇಂಪ್ಯಾಕ್ಟ್ ಪ್ಲೇಯರ್ ಆದ್ರ ಇಬ್ಬರನ್ನ ಒಬ್ಬಾ ಅಂತ ಲೆಕ್ಕ ಹಿಡೀತತಿ. ಎರಡೂ ಕಳ್ಳ ಲೆಕ್ಕ!

ಲೆಕ್ಕದ ಮೇಷ್ಟ್ರು:
ಒಂದು ಉಲ್ಟಾ, ಇನ್ನೊಂದು ಸೀದಾ ಎಂದು ನೀವೇ ಒಪ್ಪಿಕೊಂಡಿರಿ. ಅಂದರೆ ಎರಡೂ ಒಂದಲ್ಲ. ನಾನು ಮೊದಲಿಂದ ಹೇಳಿದ್ದೇ ಅದು. ಧನ್ಯವಾದ.

ಹುಬ್ಬಳ್ಳಿ ಮಂದಿ:
ಎಲ್ಲಿ ಒಪ್ಪೇನ್ರಿ?! "ಕಳ್ಳ ಲೆಕ್ಕ" ಅಂದದ್ದು ಕಣ್ಣಿಗೆ ಬೀಳಲಿಲ್ಲೇನು? ಬೇಕಾದ್ದು ಅಷ್ಟ ಓದತಾರ, ಮತ್ತ ಮೇಷ್ಟ್ರು ಅಂತ ಹೆಸರು!

ಅಡ್ಮಿನ್:
ಹೆಸರಿನ ತಂಟೆ ಬೇಡ. ಕ್ರಿಕೆಟ್ಟಿಗೆ ಬೇರೆ ಗುಂಪಿದೆ, ಇಲ್ಲಿ ಬೇಸ್‌ಬಾಲ್ ಮಾತಾಡಿ.

ಜಯನಗರ 4ನೇ ಬ್ಲಾಕ್:
ಅಡ್ಮಿನ್ ಸರ್, ಬೇಸ್‌ಬಾಲ್ ಬಗ್ಗೆ ಮಾತು ನಿಂತು ಹತ್ತು ಕಾಮೆಂಟ್ ಆಯ್ತು. ಆ .197 ಹೊಡೆಯೋನು ಯಾರು ಅಂತ ಯಾರಾದ್ರೂ ಹೇಳ್ತೀರಾ?

ಲೆಕ್ಕದ ಮೇಷ್ಟ್ರು:
ಫಿಲಡೆಲ್ಫಿಯಾದ ಕೈಲ್ ಶ್ವಾರ್ಬರ್, 2023. ರಾಯರು ಬ್ಯಾಟಿಂಗ್ ಸರಾಸರಿ ಮಾತ್ರ ಹೇಳಿ ಸುಮ್ಮನಾದರು. ಅದೇ ಸೀಸನ್‌ನಲ್ಲಿ 47 ಹೋಮ್ ರನ್, 126 ವಾಕ್. ವಾಕ್ ಸೇರಿಸಿದರೆ ಬೇಸ್ ತಲುಪಿದ್ದು .343. ಲೈನಪ್‌ನಲ್ಲಿ ಒಂದೊಂದು ಸ್ಥಾನ ಮೇಲೆ ಹೋದರೆ ಸೀಸನ್‌ಗೆ ಸುಮಾರು 18 ಸರದಿ ಹೆಚ್ಚು ಸಿಗುತ್ತವೆ. ಅವು ನಿಮ್ಮ ಕಡೆಯ ದೊಡ್ಡ ಹೊಡೆತಗಾರನಿಗೆ ಸಿಗಬೇಕೋ, ಬರೀ ಓಟಗಾರನಿಗೋ? ಮೊದಲನೆಯವನು ಓಡುವವನಾಗಿರಬೇಕು, ಮೂರನೆಯವನು ರಾಜ ಎಂಬುದೆಲ್ಲ ಹಳೇ ಕಾಲದ ಮಾತು.

ಫ್ರೀಮಾಂಟ್ ರಾಯರು:
ಬೇಸ್ ತಲುಪೋದೇ ಮುಖ್ಯ ಅಂದ್ರಲ್ಲ? ಅದೇ 2023ರಲ್ಲಿ ಲೂಯಿಸ್ ಅರಾಯೆಜ್ .354 ಹೊಡೆದ, ಬೇಸ್ ತಲುಪಿದ್ದು .393. ನಿಮ್ಮ ಲೆಕ್ಕದಲ್ಲೇ ಅವನು ಮೇಲು! ಶ್ವಾರ್ಬರ್ 215 ಸಲ ಸ್ಟ್ರೈಕ್‌ಔಟ್ ಆಗಿ ವಾಪಸ್ ಬಂದ, ಅದನ್ನ ಯಾಕೆ ನುಂಗಿದ್ರಿ?

ಲೆಕ್ಕದ ಮೇಷ್ಟ್ರು:
ನಾನು ಅರಾಯೆಜ್ ಹೆಸರನ್ನೇ ಎತ್ತಿರಲಿಲ್ಲ. ಅವನು ಹೊಡೆದ ಹೋಮ್ ರನ್ 10. ಮತ್ತೆ ಅವನು ಫಿಲಡೆಲ್ಫಿಯಾದಲ್ಲಿ ಇರಲೇ ಇಲ್ಲ. ಇಲ್ಲದವನನ್ನು ಮೊದಲು ಕಳಿಸುವುದು ಹೇಗೆ?

ಜಯನಗರ 4ನೇ ಬ್ಲಾಕ್:
ಮೇಷ್ಟ್ರು ಜಾರಿದ್ರು 😂

ಫ್ರೀಮಾಂಟ್ ರಾಯರು:
ಇನ್ನೊಂದು ತಗೊಳ್ಳಿ. ಆರು ಇನ್ನಿಂಗ್ಸ್ ಎಸೆಯೋ ತಾಕತ್ತಿಲ್ಲ ಅಂದ್ರಲ್ಲ, ಅದೇ ಸ್ನೆಲ್ 2024ರ ಆಗಸ್ಟ್ 2ಕ್ಕೆ ಸಿನ್ಸಿನಾಟಿಯಲ್ಲಿ ನಮ್ಮ ಜೈಂಟ್ಸ್ ಪರವಾಗಿ 114 ಎಸೆತ ಹಾಕಿ ನೋ-ಹಿಟರ್ (ಒಂದೂ ಹಿಟ್ ಕೊಡದೆ ಪೂರ್ತಿ ಮ್ಯಾಚ್) ಮಾಡ್ದ. ಬಿಟ್ರೆ ಎಸೀತಾನೆ ಸ್ವಾಮಿ!

ಲೆಕ್ಕದ ಮೇಷ್ಟ್ರು:
"ತಾಕತ್ತಿಲ್ಲ" ಎಂದು ನಾನು ಬರೆದೇ ಇಲ್ಲ, "ಪೂರೈಸಿರಲಿಲ್ಲ" ಎಂದು ಬರೆದೆ. ನೀವು ಹೇಳುವ ನೋ-ಹಿಟರ್ ಅವನ ಒಂಬತ್ತನೇ ಸೀಸನ್‌ನದು. ಅಲ್ಲಿಯವರೆಗೆ ಅವನು ಒಂದು ಪಂದ್ಯವನ್ನೂ ಪೂರ್ತಿ ಎಸೆದಿರಲಿಲ್ಲ. ಅಂದ ಹಾಗೆ ಆ ಸೀಸನ್ ಮುಗಿದ ಮೇಲೆ ಅವನು ಹೋಗಿದ್ದು ಯಾವ ತಂಡಕ್ಕೆ ಎಂದು ನೀವೇ ಹೇಳಿದರೆ ಚೆನ್ನ.

ಫ್ರೀಮಾಂಟ್ ರಾಯರು:
ಡಾಡ್ಜರ್ಸ್‌ಗೆ, ನಮ್ಮ ಜೈಂಟ್ಸ್‌ನ ಹಳೇ ವೈರಿಗಳ ಹತ್ರ. ಗೊತ್ತು. ಹುಣ್ಣಿಗೆ ಉಪ್ಪು ಹಾಕ್ಬೇಡಿ. ಅದೇ ಡಾಡ್ಜರ್ಸ್ 2025ರಲ್ಲಿ ಏನು ಮಾಡ್ತು? ವರ್ಲ್ಡ್ ಸೀರೀಸ್ ಆರನೇ ಮ್ಯಾಚಲ್ಲಿ ಯಮಾಮೊಟೊ 96 ಎಸೆತ ಹಾಕ್ದ, ಮಾರನೇ ದಿನ ಏಳನೇ ಮ್ಯಾಚಲ್ಲಿ ಮತ್ತೆ ಬಂದು 34 ಹಾಕ್ದ. ಟೊರೊಂಟೊ ಮನೆಗೆ ಹೋಯ್ತು. ಅವತ್ತು ಎಲ್ಲಿತ್ತು ನಿಮ್ಮ ಮೂರನೇ ಸಲದ ಲೆಕ್ಕ?

ಲೆಕ್ಕದ ಮೇಷ್ಟ್ರು:
ಏಳನೇ ಪಂದ್ಯ ಟೊರೊಂಟೊದಲ್ಲೇ ನಡೆದದ್ದು. ಅವರು ಮನೆಯಲ್ಲೇ ಇದ್ದರು.

ಪುತ್ತೂರಿನವಳು:
ರಾಯರೇ, ಯಮಾಮೊಟೊ ಎರಡು ದಿನದಲ್ಲಿ 130 ಹಾಕಿದ್ದನ್ನು ನಮ್ಮ ಕೋಚ್ ಕೂಡ ನೋಡಿದ್ದಾರೆ, ಅದೇ ಈಗ ಕಷ್ಟ! ಕಳೆದ ಶನಿವಾರ ಮಗನನ್ನು ಇಳಿಸಿದಾಗ ನನ್ನ ಕ್ಲಿಕ್ಕರ್‌ನಲ್ಲಿ 43 ಇತ್ತು. ಕೋಚ್ ಬಂದು, ಎಸೆದದ್ದು ಸಾಕು, ಈಗ ಕ್ಯಾಚರ್ ನಿಲ್ಲಲಿ ಅಂದರು. 41 ಆದಮೇಲೆ ಆ ದಿನ ಕ್ಯಾಚರ್ ನಿಲ್ಲಿಸ್ಲಿಕ್ಕಿಲ್ಲ ಅಂತ ರೂಲೇ ಉಂಟು. ಹೇಳಿದೆ. "ಎರಡೇ ಅಲ್ವಾ ಹೆಚ್ಚು" ಅಂದರು. ಕ್ಲಿಕ್ಕರ್ ಅವರ ಮುಖದ ಎದುರು ಹಿಡಿದೆ. ಹುಡುಗನಿಗೆ ನನ್ನ ಮೇಲೆಯೇ ಸಿಟ್ಟು, ಮನೆವರೆಗೆ ಕಾರಿನಲ್ಲಿ ಮಾತಿಲ್ಲ.

ಹುಬ್ಬಳ್ಳಿ ಮಂದಿ:
ಅಕ್ಕಾರ, ನೀವು ಮಾಡಿದ್ದು ಬರೋಬ್ಬರಿ ಐತಿ. ಎಸೆದು ದಣಿದ ಕೈಲೆ ಮತ್ತ ಕ್ಯಾಚರ್ ನಿಂತು ಪ್ರತಿ ಚೆಂಡೂ ತಿರುಗಿಸಿ ಒಗೀಬೇಕಲ್ರಿ.

ಲೆಕ್ಕದ ಮೇಷ್ಟ್ರು:
ಒಂದು ಸಣ್ಣ ತಿದ್ದುಪಡಿ. 85 ಎಂದರೆ 85ಕ್ಕೇ ಇಳಿಸಬೇಕೆಂದಿಲ್ಲ. ಎದುರಿಗಿರುವ ಬ್ಯಾಟರ್‌ನ ಸರದಿ ಮುಗಿಯುವವರೆಗೆ ಎಸೆಯಬಹುದು.

ಪುತ್ತೂರಿನವಳು:
ಗೊತ್ತುಂಟು ಸರ್. ಎಣಿಸುವವಳು ನಾನು.

ಫ್ರೀಮಾಂಟ್ ರಾಯರು:
ಅಕ್ಕ, ನಿಮ್ಮ ಹುಡುಗ ಬ್ಯಾಟ್ ಮಾಡ್ತಾನಾ?

ಪುತ್ತೂರಿನವಳು:
ಮಾಡ್ತಾನೆ. ಒಂಬತ್ತನೆಯವನು.

ಫ್ರೀಮಾಂಟ್ ರಾಯರು:
ನೋಡಿದ್ರಾ ಮೇಷ್ಟ್ರೇ! ಪಿಚರ್ ಬ್ಯಾಟ್ ಮಾಡ್ತಾನೆ, ಆಟ ಏನೂ ಮುಳುಗಿಲ್ಲ.

ಲೆಕ್ಕದ ಮೇಷ್ಟ್ರು:
ಕಳೆದ ಪಂದ್ಯದಲ್ಲಿ ಎಷ್ಟು ಹೊಡೆದ?

ಪುತ್ತೂರಿನವಳು:
ಹಿಟ್ ಒಂದೂ ಇಲ್ಲ. ಎರಡು ವಾಕ್.

ಲೆಕ್ಕದ ಮೇಷ್ಟ್ರು:
ಹಾಗಾದರೆ ಮೊದಲು ಕಳಿಸಲು ಹೇಳಿ.