ಸಹಾಯ ಬೇಕು: ಅಪೆಕ್ಟೋಡಿನಿಯಂ ಪ್ರಭೇದ ಗುರುತಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಉತ್ತರ ಸಮುದ್ರದ ತಳ ಕೊರೆದು ತೆಗೆದ, ಸುಮಾರು 5.6 ಕೋಟಿ ವರ್ಷ ಹಳೆಯ ಜೇಡಿಪದರದ ಸ್ಲೈಡ್‌ಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೇನೆ. ಭೂಮಿ ದಿಢೀರನೆ ಬಿಸಿಯಾದ ಕಾಲ ಅದು. ಡೈನೋಫ್ಲಾಜೆಲೇಟ್ (ನೀರಿನಲ್ಲಿ ಬದುಕುವ ಏಕಕೋಶ ಸೂಕ್ಷ್ಮಜೀವಿ) ಸಿಸ್ಟ್‌ಗಳಲ್ಲಿ, ಅಂದರೆ ಪಳೆಯುಳಿಕೆಯಾಗಿ ಉಳಿದ ಅವುಗಳ ಗಟ್ಟಿ ಕವಚಗಳಲ್ಲಿ, ಅಪೆಕ್ಟೋಡಿನಿಯಂ ಎಂಬ ಕುಲದವು ತುಂಬಾ ಜಾಸ್ತಿ ಇವೆ. ಕುಲದ ಬಗ್ಗೆ ಅನುಮಾನ ಇಲ್ಲ: ಸಾಲು ಹಿಡಿಯದೆ ಮೈತುಂಬ ಹರಡಿದ ಮುಳ್ಳು, ಬೆನ್ನ ಕಡೆ ನಾಲ್ಕು ಬದಿಯ ಕಿಂಡಿ (ಒಳಗಿನ ಜೀವಕೋಶ ಹೊರಬಂದ ದಾರಿ).

ತೊಡಕು ಪ್ರಭೇದದ್ದು. ಕೆಲವು ಗುಂಡಗಿವೆ, ಕೊಂಬು (ಮೈಯ ಮೂಲೆಯಿಂದ ಚಾಚಿದ ಭಾಗ) ಹೆಸರಿಗಷ್ಟೇ. ಅವು ಹೋಮೋಮಾರ್ಫಮ್ ಅಲ್ವಾ? ಇನ್ನು ಕೆಲವದರಲ್ಲಿ ಐದು ಮೂಲೆ ಎದ್ದು ಕಾಣುತ್ತವೆ, ಕ್ವಿಂಕ್ವೆಲಾಟಮ್ ಅನ್ನಬಹುದು. ಆದರೆ ಇವೆರಡರ ನಡುವಿನವೇ ಹೆಚ್ಚು. ಸುಮ್ನೆ ಒಂದು ಹೆಸರು ಅಂಟಿಸಲು ಮನಸ್ಸಿಲ್ಲ. ಕೊಂಬಿನ ಉದ್ದವನ್ನು ಮೈಯ ಅಗಲಕ್ಕೆ ಹೋಲಿಸಿ ಗೆರೆ ಎಳೆಯಬಹುದಾ? ವಿವರಣೆಯಲ್ಲಿ ಮುಳ್ಳಿನ ತುದಿಯ ಆಕಾರವನ್ನೂ ಬರೆಯಬೇಕಾ? ಅನುಭವ ಇರುವವರು ದಯವಿಟ್ಟು ತಿಳಿಸಿ, ಫೋಟೋ ಕಳಿಸುತ್ತೇನೆ.