ಮಂಚದಿಂದ ಇಳಿಯದ ವರದಿಗಾರ

ಶಶಿ ಪತ್ರಕರ್ತನಾಗುತ್ತಾನಂತೆ. ಅದೂ ಮನೆಯಿಂದ ಹೊರಗೆ ಕಾಲಿಡದೆ.

"ಕ್ಲಾಸಿಗೆ ಹೋಗೋ ತಾಪತ್ರಯವೇ ಇಲ್ಲ ಕಣ್ರೋ," ಅಂದ. "ಅಮೆರಿಕದಲ್ಲಿ ಬ್ಯಾಚುಲರ್ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಕ್ರೆಡಿಟ್ ಅಂದ್ರೆ ಒಂದೊಂದು ಪಾಠ ಮುಗಿಸಿದ್ದಕ್ಕೆ ಸಿಗೋ ಎಣಿಕೆ. ಅದರಲ್ಲಿ ಒಳ್ಳೇ ಪಾಲನ್ನ ಪರೀಕ್ಷೆ ಬರೆದೇ ಗಿಟ್ಟಿಸಬಹುದು. ಕಾಲೇಜ್ ಬೋರ್ಡ್ ಅನ್ನೋ ಸಂಸ್ಥೆ ನಡೆಸೋ ಪರೀಕ್ಷೆ ಕ್ಲೆಪ್. ಅಂಥದ್ದೇ ಇನ್ನೊಂದು ಡಿಎಸ್‌ಎಸ್‌ಟಿ. ಒಂದೂವರೆ, ಎರಡು ಗಂಟೆ ಕೂತರೆ ಮೂರು ಕ್ರೆಡಿಟ್. ಕೆಲವಕ್ಕೆ ಆರು."

ದುಡ್ಡಿನ ಮಾತು ಬರುವ ಮೊದಲೇ ಮಂಜು ಲೆಕ್ಕಕ್ಕೆ ಕೂತಿದ್ದ. "ಕ್ಲೆಪ್ ಒಂದಕ್ಕೆ ನೂರು ಡಾಲರ್ ಆಸುಪಾಸು. ಅದೇ ಮೂರು ಕ್ರೆಡಿಟ್ ಕಾಲೇಜಲ್ಲಿ ಕೂತು ತಗೊಂಡರೆ ಎಷ್ಟೋ ಕಡೆ ಸಾವಿರ ದಾಟುತ್ತೆ. ಅಲ್ಲಿನ ಸೈನ್ಯದಲ್ಲಿ ಇರೋರಿಗಂತೂ ಪರೀಕ್ಷೆ ಪುಕ್ಕಟೆ."

"ಹಾಗಾದ್ರೆ ಸೈನ್ಯ ಸೇರ್ಲಾ?"

"ಅಲ್ಲಿ ಮಂಚದಿಂದ ಇಳೀಬೇಕಾಗುತ್ತೆ," ಅಂದಳು ರಮ್ಯಾ.

ರಮ್ಯಾ ಕೆಲವು ವರ್ಷ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿ ದುಡಿದವಳು. ಇನ್ನೊಬ್ಬರ ವಾಕ್ಯ ಕತ್ತರಿಸುವುದು ಅವಳಿಗೆ ಕೆಲಸವೂ ಹೌದು, ಖುಷಿಯೂ ಹೌದು. "ಬೇರೆ ಕಡೆ ಗಳಿಸಿದ ಕ್ರೆಡಿಟ್ಟನ್ನೆಲ್ಲ ಯಾವ ಕಾಲೇಜು ಒಪ್ಪುತ್ತಪ್ಪಾ?" ಅಂತ ಕೇಳಿದಳು.

ಇದಕ್ಕೂ ಶಶಿ ತಯಾರಾಗಿದ್ದ. ಬಹಳ ಕಾಲೇಜುಗಳು ಇಂತಿಷ್ಟೇ ಅಂತ ಮಿತಿ ಹಾಕುತ್ತವೆ. ಧಾರಾಳವಾಗಿ ತೆಗೆದುಕೊಳ್ಳುವುದಕ್ಕೆ ಹೆಸರಾದವು ಮೂರು: ನ್ಯೂಜೆರ್ಸಿಯ ಥಾಮಸ್ ಎಡಿಸನ್ ಸ್ಟೇಟ್, ಕನೆಕ್ಟಿಕಟ್‌ನ ಚಾರ್ಟರ್ ಓಕ್, ನ್ಯೂಯಾರ್ಕ್‌ನ ಎಕ್ಸೆಲ್ಸಿಯರ್. ಮೂರೂ 1970ರ ದಶಕದ ಶುರುವಿನಲ್ಲಿ ಹುಟ್ಟಿದವು, ಕೆಲಸ ಮಾಡುತ್ತಾ ಓದುವ ದೊಡ್ಡವರಿಗೆ ಅಂತಲೇ.

"ಎಡಿಸನ್ನಾ? ಅವನು ಶಾಲೆಗೆ ಹೋಗಿದ್ದೇ ಕೆಲವು ತಿಂಗಳು," ಅಂದ ಮಂಜು. "ಅವನ ಹೆಸರಲ್ಲಿ ಯೂನಿವರ್ಸಿಟಿ!"

ಇಲ್ಲಿ ನಾನೂ ಬಾಯಿ ಹಾಕಿದೆ. ಎಡಿಸನ್ ಪತ್ರಕರ್ತನೂ ಆಗಿದ್ದ. 1862ರಲ್ಲಿ, ಹದಿನೈದು ವರ್ಷದ ಹುಡುಗ, ಪೋರ್ಟ್ ಹ್ಯೂರನ್–ಡೆಟ್ರಾಯಿಟ್ ರೈಲಿನಲ್ಲಿ ಪೇಪರು, ಮಿಠಾಯಿ ಮಾರುತ್ತಿದ್ದ. ರೈಲಿನ ಸಾಮಾನು ಬೋಗಿಯಲ್ಲೇ ಸಣ್ಣ ಅಚ್ಚಿನ ಯಂತ್ರ ಇಟ್ಟುಕೊಂಡು 'ವೀಕ್ಲಿ ಹೆರಾಲ್ಡ್' ಅಂತ ಸ್ವಂತ ಪತ್ರಿಕೆ ಹೊರಡಿಸಿದ. ಬರೆಯೋನು, ಅಚ್ಚಿನ ಮೊಳೆ ಜೋಡಿಸೋನು, ಮಾರೋನು ಎಲ್ಲ ಅವನೇ. ಅದೇ ಬೋಗಿಯಲ್ಲಿ ರಸಾಯನದ ಪ್ರಯೋಗವೂ ನಡೆಯುತ್ತಿತ್ತು. ಒಂದು ದಿನ ರಂಜಕ ಬಿದ್ದು ಬೆಂಕಿ ಹತ್ತಿತು, ಕಂಡಕ್ಟರ್ ಅವನನ್ನು ಸಾಮಾನು ಸಮೇತ ಇಳಿಸಿದ ಅಂತ ಕಥೆ.

"ಸಂಪಾದಕರನ್ನ ತೆಗೆದುಹಾಕೋ ಪದ್ಧತಿ ಆಗಲೇ ಇತ್ತು," ಅಂದಳು ರಮ್ಯಾ.

ಶಶಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. "ಕ್ಲೆಪ್‌ನಲ್ಲಿ 20ರಿಂದ 80ರವರೆಗೆ ಅಂಕ. 50 ಬಂದರೆ ಸಾಮಾನ್ಯವಾಗಿ ಕ್ರೆಡಿಟ್ ಸಿಕ್ಕಹಾಗೆ. ಇನ್ನೂ ಚೆಂದದ್ದು ಏನು ಗೊತ್ತಾ? ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಗೊತ್ತಿಲ್ಲದಿದ್ರೆ ಸುಮ್ನೆ ಒಂದನ್ನ ಒತ್ತೋದು!"

"ಪತ್ರಕರ್ತನಾಗೋನಿಗೆ ಎಂಥಾ ತರಬೇತಿ!" ರಮ್ಯಾ ಕೈಮುಗಿದಳು. "ನಮ್ಮ ಡೆಸ್ಕ್‌ನಲ್ಲಿ ಒಬ್ಬ ಹೀಗೇ ಒಂದನ್ನ ಒತ್ತಿದ್ದ. ಬದುಕಿದ್ದೋರಿಗೆ ಶ್ರದ್ಧಾಂಜಲಿ ಬಂತು. ಮಾರನೇ ದಿನ ಅವರೇ ಫೋನ್ ಮಾಡಿದ್ರು."

ಭಾಷಣಕ್ಕೂ ಒಂದು ಡಿಎಸ್‌ಎಸ್‌ಟಿ ಪರೀಕ್ಷೆ ಇದೆ. ವಿಷಯ ಕೊಡುತ್ತಾರೆ, ಎದುರಿಗೆ ಯಾರೂ ಇಲ್ಲದೆ ಮಾತಾಡಿ ರೆಕಾರ್ಡ್ ಮಾಡಬೇಕು.

"ಯಾರೂ ಕೇಳದಿದ್ರೂ ಮಾತಾಡೋದು ತಾನೆ? ಅದರಲ್ಲಿ ನೀನು ಪಾಸ್," ಅಂದ ಮಂಜು.

ಮನೆಯಲ್ಲೇ ಕೂತು ಕ್ಲೆಪ್ ಬರೆಯುವ ವ್ಯವಸ್ಥೆಯೂ ಇದೆ. ಆದರೆ ಶುರುವಿಗೆ ಮುಂಚೆ ಮೇಲ್ವಿಚಾರಕರು ಕ್ಯಾಮೆರಾದಲ್ಲಿ ಕೋಣೆಯನ್ನೆಲ್ಲ ತೋರಿಸು ಅನ್ನುತ್ತಾರೆ. ಗೋಡೆ ತೋರಿಸು, ಮೇಜಿನ ಕೆಳಗೆ ತೋರಿಸು. ಶಶಿಯ ಮೇಜಿನ ಕೆಳಗೆ ಏನೇನಿದೆ ಅಂತ ನಮಗೆ ಗೊತ್ತು. ಒಂಟಿ ಸಾಕ್ಸ್, ಕುಡಿದಿಟ್ಟ ಕಾಫಿ ಲೋಟ, ಕಳೆದೇ ಹೋಯಿತು ಅಂತ ಅವನು ನಂಬಿಸಿದ್ದ ನನ್ನ ಛತ್ರಿ. ಈ ವಹಿವಾಟಿನಲ್ಲಿ ನಿಜವಾದ ವರದಿಗಾರ ಆ ಮೇಲ್ವಿಚಾರಕನೇ, ನನ್ನನ್ನು ಕೇಳಿದರೆ.

"ಇರಲಿ," ಅಂದ ಮಂಜು. "ವರದಿ ಬರೆಯೋದು, ಎಡಿಟಿಂಗ್, ಮಾಧ್ಯಮ ಕಾನೂನು. ಇದಕ್ಕೆ ಕ್ಲೆಪ್ ಇದೆಯಾ?"

ಶಶಿ ಮೊದಲ ಸಲ ತಡವರಿಸಿದ. ಇಲ್ಲ. ಇಂಗ್ಲಿಷ್, ಇತಿಹಾಸ, ಸಮಾಜಶಾಸ್ತ್ರ, ಬೀಜಗಣಿತ, ಹೀಗೆ ಮೊದಲೆರಡು ವರ್ಷದ ಎಷ್ಟೋ ಪಾಠಕ್ಕೆ ಪರೀಕ್ಷೆ ಇದೆ. ಪತ್ರಿಕೋದ್ಯಮ ಅನ್ನುವ ಭಾಗ ಬಂದಾಗ ಮಾತ್ರ ಆನ್‌ಲೈನ್ ಕೋರ್ಸನ್ನೇ ಮಾಡಬೇಕು. ಇಲ್ಲವೇ ಮೊದಲೇ ಕೆಲಸ ಮಾಡಿದ ಅನುಭವ ಇದ್ದರೆ, ಪ್ರಕಟವಾದ ಬರಹಗಳನ್ನು ಜೋಡಿಸಿ ಪೋರ್ಟ್‌ಫೋಲಿಯೋ ಕೊಟ್ಟು ಕ್ರೆಡಿಟ್ ಕೇಳಬಹುದು.

"ನಿಂದು ಏನು ಪ್ರಕಟವಾಗಿದೆ?"

"ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಪಾರ್ಕಿಂಗ್ ಹಗರಣದ ಬಗ್ಗೆ ಬರೆದಿದ್ನಲ್ಲ."

"ಅದಕ್ಕೇ ಅಲ್ವಾ ನಿನ್ನನ್ನ ಗ್ರೂಪಿನಿಂದ ತೆಗೆದಿದ್ದು?"

"ಅಂದ್ರೆ ಸುದ್ದಿ ನಿಜ ಅಂತ ಆಯ್ತು!"

ಈ ವಾದಕ್ಕೆ ರಮ್ಯಾ ಕೂಡ ತಲೆದೂಗಿದಳು. ಆಮೇಲೆ ಅವನು ಆಗಲೇ ಸೇರಿಕೊಂಡಿದ್ದ ಸುದ್ದಿ ಬರವಣಿಗೆ ಕೋರ್ಸಿನ ಮೊದಲ ಅಸೈನ್‌ಮೆಂಟ್ ತೆಗೆಸಿದಳು. ಊರಿನ ಕೌನ್ಸಿಲ್ ಸಭೆಯ ವರದಿ, ಜೊತೆಗೆ ಪರಿಚಯವಿಲ್ಲದ ಇಬ್ಬರ ಮಾತು.

"ಸಭೆಯ ವಿಡಿಯೋ ಹಾಕ್ತಾರೆ," ಅಂದ ಶಶಿ.

"ಪರಿಚಯ ಇಲ್ಲದೋರನ್ನೂ ಹಾಕ್ತಾರಾ? ತಗೋ ಫೋನು. ನಾನೇ ಅಪರಿಚಿತೆ ಅಂದ್ಕೋ. ಅಭ್ಯಾಸ ಮಾಡು."

ಅವಳು ಎದ್ದು ಪಕ್ಕದ ಕೋಣೆಗೆ ಹೋದಳು. ಶಶಿ ಗಂಟಲು ಸರಿಮಾಡಿಕೊಂಡು ಫೋನ್ ಮಾಡಿದ. "ನಮಸ್ಕಾರ ಮೇಡಂ, ನಿಮ್ಮನ್ನ ಒಂದೆರಡು ಮಾತು ಕೇಳಬಹುದಾ?"

"ಇಲ್ಲ," ಅಂತ ಕೇಳಿಸಿತು. ಫೋನಿನಲ್ಲೂ, ಗೋಡೆಯ ಆಚೆಯಿಂದಲೂ. ಕರೆ ಕಟ್ಟಾಯಿತು.

ಶಶಿ ಫೋನನ್ನೇ ನೋಡಿದ. ಆಮೇಲೆ ನಮ್ಮಿಬ್ಬರನ್ನು ನೋಡಿದ.

"ಇದನ್ನ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಬಹುದಾ?" ಅಂದ.